ಧಾರೆಯ ಲಿಂಕು

ನಮ್ಮ ಸ್ಟುಡಿಯೊ ಇರುವುದು ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ. ಮದುವೆಗೆ ಹೋಗಿ ಕ್ಯಾಮೆರಾ ಹಿಡಿಯುವವರು ನಮ್ಮ ಮನೆಯವರು. ಅವರು ಹಿಡಿದು ತಂದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಮನುಷ್ಯರು ಕೂತು ನೋಡುವಂತೆ ಮಾಡುವವಳು ನಾನು. ಹೊರಗಿನ ಬೋರ್ಡಿನಲ್ಲಿ ಅವರ ಫೋಟೊ ಇದೆ. ನನ್ನದು ಇಲ್ಲ, ಬೇಕಾಗಿಯೂ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಕೂತರೆ ತಾಲ್ಲೂಕಿನ ಅರ್ಧ ಮನೆಗಳ ಗುಟ್ಟು ನನ್ನ ಕಿವಿಗೆ ಬೀಳುತ್ತದೆ. ಕ್ಯಾಮೆರಾ ತಮ್ಮ ಕಡೆ ತಿರುಗಿಲ್ಲ ಅಂದರೆ ಅದಕ್ಕೆ ಮಾತೂ ಕೇಳಿಸುವುದಿಲ್ಲ ಅಂತ ಜನ ಯಾಕೆ ನಂಬಿದ್ದಾರೋ ಕಾಣೆ. ಕ್ಯಾಮೆರಾದ ಪಕ್ಕದಲ್ಲೇ ನಿಂತು ಬೀಗರನ್ನು ಆಡಿಕೊಳ್ಳುತ್ತಾರೆ. ನಾನು ಟೀ ಕುಡಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡು, ಅದರ ಮೇಲೆ ಒಂದು ಹಾಡು ಹಾಕಿ ಮುಚ್ಚುತ್ತೇನೆ.

ಮೊದಲು ಪೆನ್‌ಡ್ರೈವ್ ಕೊಡುತ್ತಿದ್ದೆವು. ಅದನ್ನು ಟ್ರ್ಯಾಕ್ಟರಿನ ಟೇಪಿಗೆ ಸಿಕ್ಕಿಸಿಕೊಂಡು, ಮದುವೆ ಅಳಿಸಿ ಹಾಡು ತುಂಬಿಸಿ, ಆಮೇಲೆ ಇನ್ನೊಂದು ಕೊಡಿ ಅಂತ ಬರುತ್ತಿದ್ದರು. ಈಗ ಎಲ್ಲ ಕ್ಲೌಡು. ವಿಡಿಯೊ ಅಪ್‌ಲೋಡ್ ಮಾಡಿದರೆ ಕ್ಲೌಡಿನ ಕಂಪನಿಯ ಯಂತ್ರಗಳು ಅದನ್ನು ದಪ್ಪ, ಮಧ್ಯಮ, ತೆಳು ಅಂತ ಹಲವು ನಕಲು ಮಾಡಿ, ಒಂದೊಂದನ್ನೂ ಚೂರು ಚೂರು ಮಾಡಿ ಇಟ್ಟುಕೊಳ್ಳುತ್ತವೆ. ನೋಡುವವರ ನೆಟ್‌ವರ್ಕ್ ಚೆನ್ನಾಗಿದ್ದರೆ ಚಿತ್ರ ಸ್ಪಷ್ಟವಿರುವ ದಪ್ಪ ಚೂರು, ಸೊರಗಿದರೆ ಮಸುಕಾದ ತೆಳು ಚೂರು, ನಡುವೆ ನಿಲ್ಲದ ಹಾಗೆ ಬಡಿಸಿಕೊಂಡು ಹೋಗುತ್ತವೆ. ಆದರೆ ವಿಡಿಯೊ ಅಲ್ಲಿದೆ ಅಂದ ಮಾತ್ರಕ್ಕೆ ನೋಡಲು ಸಿಗುವುದಿಲ್ಲ. ಪ್ರತಿ ಸಲವೂ ನಾನು ಕಂಪನಿಯಿಂದ ಲಿಂಕ್ ಕೇಳಬೇಕು. ಯಾವ ವಿಡಿಯೊ, ಎಂಥ ದಪ್ಪದ್ದು, ಎಷ್ಟು ಹೊತ್ತು ಜೀವ ಇರಬೇಕು, ಎಲ್ಲ ತಿಳಿಸಿದರೆ ಹನುಮಂತನ ಬಾಲದಂಥ ಒಂದು ಲಿಂಕ್ ಬರುತ್ತದೆ. ಅವಧಿ ಮುಗಿದ ಮೇಲೆ ಎಷ್ಟು ಒತ್ತಿದರೂ ಅದು ಜಪ್ಪಯ್ಯ ಅನ್ನುವುದಿಲ್ಲ.

ವರ್ಷದ ಲಿಂಕನ್ನೂ ಕೇಳಬಹುದು. ನಾನು ಕೇಳುವುದು ವಾರದ್ದು. ಲಿಂಕ್ ಸತ್ತರೆ ಜನ ಫೋನ್ ಮಾಡುತ್ತಾರೆ, ಫೋನ್ ಮಾಡಿದರೆ ಮದುವೆಯಾದ ಮೇಲೆ ಏನೇನಾಯಿತು ಅಂತ ಹೇಳುತ್ತಾರೆ. ಮದುವೆ ನೋಡಿದವಳಿಗೆ ಮುಂದಿನ ಕತೆ ಬೇಡವೇ?

ಹಾಗೆ ಒಂದು ದಿನ ಫೋನ್ ಮಾಡಿದವಳು ಬೇಲೂರಿಗೆ ಮದುವೆಯಾಗಿ ಹೋದ ನಮ್ಮೂರ ಹುಡುಗಿ. ಬಸುರಿ. ಹದಿನೈದು ದಿನದಲ್ಲಿ ಸೀಮಂತ. ಅವಳ ದನಿಯಲ್ಲಿ ಸಂತೋಷ ಇರಲಿಲ್ಲ.

"ಆಂಟಿ, ನಮ್ ದೊಡ್ಡಪ್ಪ ಬರಲ್ಲ ಅಂತಿದ್ದಾರೆ. ಧಾರೇಲಿ ನನ್ನ ಯಾರೂ ಕರೀಲಿಲ್ಲ, ಈಗ ಸೀಮಂತಕ್ಕೆ ಯಾಕೆ ಬರ್ಲಿ ಅಂತಾರೆ. ಅಪ್ಪ ನೋಡಿದ್ರೆ, ನಾನ್ ಕರ್ದಿದೀನಿ, ವಿಡಿಯೋದಲ್ಲೇ ಇದೆ ನೋಡ್ಕೊಳ್ಲಿ ಅಂತಾರೆ. ನೀವು ದೊಡ್ಡಪ್ಪಂಗೊಂದು ಲಿಂಕ್ ಕಳ್ಸಿ. ಅವ್ರು ಬರ್ದೇ ಇದ್ರೆ ನಾನು ಹಸೆ ಮೇಲೆ ಕೂರೋದೇ ಇಲ್ಲ."

ಈ ಹುಡುಗಿ ಹೈಸ್ಕೂಲು ಮುಗಿಯುವವರೆಗೆ ಬೆಳೆದದ್ದು ಗಂಡಸಿ ಕಡೆಯ ಆ ದೊಡ್ಡಪ್ಪನ ಮನೆಯಲ್ಲೇ. ಅವರಿಗೆ ಮಕ್ಕಳಿಲ್ಲ. ಧಾರೆಯ ಹೊತ್ತಿಗೆ ವಧೂವರರ ಕೈಮೇಲೆ ಹಾಲೆರೆಯಲು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವುದು ನಮ್ಮ ಕಡೆಯ ಪದ್ಧತಿ. ಊಟಕ್ಕೆ ಕರೆಯುವುದು ಮರೆತರೆ ಒಂದು ತಿಂಗಳ ಮುನಿಸು. ಹಾಲೆರೆಯಲು ಕರೆಯುವುದು ಮರೆತರೆ ಅದು ಮೊಮ್ಮಕ್ಕಳ ಕಾಲಕ್ಕೂ ಹೋಗುತ್ತದೆ. ಆ ದಿನ ದೊಡ್ಡಪ್ಪ ಹಾಲೆರೆಯದೆ, ಊಟವನ್ನೂ ಮಾಡದೆ ಛತ್ರದಿಂದ ಬಸ್ ಹತ್ತಿ ಹೋಗಿದ್ದರು. ನನಗೆ ಹುಡುಗಿಯ ಮೇಲೆ ಕನಿಕರ ಬಂತು. ಜತೆಗೆ, ಸುಳ್ಳೇಕೆ, ಕುತೂಹಲವೂ ಆಯಿತು.

ಲಿಂಕ್ ಕೇಳಿ ಕಳಿಸಿದೆ. ಮಧ್ಯಾಹ್ನ ದೊಡ್ಡಪ್ಪನ ಫೋನು.

"ಏನವ್ವಾ ಇದು, ಎಲ್ಲಾರ ಮಕಾನೂ ರಾಗಿ ಮುದ್ದೆ ಆದಂಗ್ ಆಗೈತೆ. ಕರ್ದಿದ್ದು ಎಲ್ಲೈತೆ?"

"ಗೌಡ್ರೇ, ನೀವು ಎಲ್ಲಿ ಕೂತು ನೋಡ್ತಿದೀರ?"

"ತೋಟದಾಗೆ."

ತೆಂಗಿನ ತೋಟದಲ್ಲಿ ಸಿಗ್ನಲ್ ಒಂದು ಕಡ್ಡಿ. ಕ್ಲೌಡು ಪಾಪ ತನ್ನಲ್ಲಿದ್ದ ಅತಿ ತೆಳು ಚೂರನ್ನು ಬಡಿಸಿತ್ತು. ಸರಿ, ದಪ್ಪ ನಕಲು ಮಾತ್ರ ಇರುವ ಲಿಂಕ್ ಕೇಳಿ ಕಳಿಸಿದೆ. ಅದು ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ದೊಡ್ಡಪ್ಪ ಅದಕ್ಕೂ ಒಂದು ಕಾರಣ ಕಂಡುಹಿಡಿದರು. "ನಮ್ ತಮ್ಮ ನಿಮ್ಗೆ ಹೇಳಿ ನಿಲ್ಲಿಸ್ಬುಟ್ಟವ್ನೆ." ಕೆರೆ ಏರಿ ಮೇಲೆ ಹೋಗಿ ನಿಂತು ಒತ್ತಿ ಅಂದೆ. ಗೊಣಗುತ್ತಲೇ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು.

"ಈಗ ಚೆಂದಾಗ್ ಕಾಣ್ತದೆ."

"ಕರೆಯೋದು ಕಾಣ್ತಾ? ನಿಮ್ಮ ತಮ್ಮ ಈ ಕಡೆ ತಿರುಗಿ ಕೈ ಬೀಸ್ತಾರಲ್ಲ?"

"ಬೀಸ್ತಾನೆ. ಹಾಲಿನ ಚೊಂಬು ತತ್ತಾ ಅಂತ ಯಾರ್ಗೋ ಬೀಸ್ತಾವ್ನೆ."

ತಮ್ಮನ ತುಟಿ ಅಲ್ಲಾಡುವುದು ಕಾಣುತ್ತದೆ. ಏನು ಹೇಳಿದ್ದು ಅಂತ ಕೇಳಿಸುವುದಿಲ್ಲ, ಯಾಕೆಂದರೆ ಅಲ್ಲಿ ಹಾಡಿದೆ. ಧಾರೆಗೆ ಹಾಡು ಹಾಕದ ವಿಡಿಯೊವನ್ನು ಈ ತಾಲ್ಲೂಕಿನಲ್ಲಿ ಯಾರೂ ಒಪ್ಪುವುದಿಲ್ಲ. ಆ ಹಾಡನ್ನು ಆರಿಸಿ ಕಳಿಸಿದವಳು ಇದೇ ಹುಡುಗಿ. ಅಣ್ಣ ತಮ್ಮಂದಿರು ಚಿತ್ರ ಹಿಡಿದುಕೊಂಡು ಬಡಿದಾಡುತ್ತಿದ್ದರು, ನ್ಯಾಯ ಇದ್ದದ್ದು ಹಾಡಿನ ಕೆಳಗೆ.

ಹಳೆಯ ಡಿಸ್ಕ್ ತೆಗೆದು, ಕತ್ತರಿ ಹಾಕದ ಮೂಲ ವಿಡಿಯೊ ಹಾಕಿಕೊಂಡು ಹೆಡ್‌ಫೋನ್ ಏರಿಸಿದೆ. ಕೇಳಿದೆ. ಬಾಯಲ್ಲಿದ್ದ ಟೀ ಕೀಬೋರ್ಡಿನ ಮೇಲೆ ಬಿತ್ತು. ನಮ್ಮ ಮನೆಯವರು ಓಡಿಬಂದು ಏನಾಯಿತು ಅಂದರು. ಅವರ ಕಿವಿಗೂ ಹಾಕಿದೆ. ಕೀಬೋರ್ಡು ಒರೆಸುವುದನ್ನು ಮರೆತು ಅವರೂ ನಗಲು ಶುರು ಮಾಡಿದರು.

ಅಷ್ಟು ಭಾಗವನ್ನು ಮಾತ್ರ ಕತ್ತರಿಸಿ ಅಪ್‌ಲೋಡ್ ಮಾಡಿದೆ. ಲಿಂಕನ್ನು ಮಾತ್ರ ಕೇಳಲಿಲ್ಲ. ಫೋನಿನಲ್ಲಿ ಕಳಿಸಿದರೆ ಅದು ಗ್ರೂಪಿಗೆ ಹೋಗುತ್ತದೆ, ಗ್ರೂಪಿನಿಂದ ಬೇಲೂರಿನ ಬೀಗರಿಗೆ ಹೋಗುತ್ತದೆ, ಆಮೇಲೆ ಸೀಮಂತವೇ ಇರುವುದಿಲ್ಲ. ನಾನೇ ಹೋಗಿ, ಎದುರಿಗೆ ಕೂತು, ಅಲ್ಲೇ ಲಿಂಕ್ ಕೇಳಿ ತೋರಿಸುವುದು ಅಂತ ತೀರ್ಮಾನ ಮಾಡಿದೆ. ಜವಾಬ್ದಾರಿ ಅಂತ ಮನೆಯವರಿಗೆ ಹೇಳಿದೆ. ನಿಜವಾಗಿ, ಕೇಳಿಸಿಕೊಂಡಾಗ ದೊಡ್ಡಪ್ಪನ ಮುಖ ಹೇಗಾಗುತ್ತದೆ ಅಂತ ನೋಡುವ ಆಸೆ ತಡೆಯಲು ಆಗಲಿಲ್ಲ.

ಮಾರನೆಯ ದಿನ ಗಂಡಸಿ ಬಸ್ ಹತ್ತಿದೆ. ದೊಡ್ಡಪ್ಪ ತೋಟದಲ್ಲಿ ಕಾಯಿ ಸುಲಿಯುತ್ತಿದ್ದರು. ಎತ್ತರದ ಆಳು, ಬಿಳಿ ಮೀಸೆ, ಮಾತಿಗೆ ಮೊದಲೇ ಹುಬ್ಬು ಮೇಲೇರುವ ಜಾತಿ. ದೊಡ್ಡಮ್ಮ ಎಳನೀರು ಕೊಟ್ಟು ಪಕ್ಕದಲ್ಲೇ ಕೂತರು.

"ಏರಿ ಮ್ಯಾಕೆ ಹೋಗಾನ?" ಅಂದರು ದೊಡ್ಡಪ್ಪ.

"ಬೇಡ ಗೌಡ್ರೇ, ಇಲ್ಲೇ ಸಾಕು."

ಫೋನಿನಲ್ಲೇ ಲಿಂಕ್ ಕೇಳಿದೆ. ಆಯಸ್ಸು ಅರ್ಧ ಗಂಟೆ ಅಂತ ಒತ್ತಿದೆ. ಚಿತ್ರ ಎಂದಿನಂತೆ ಮುದ್ದೆ. ಆದರೆ ಈ ಏರ್ಪಾಟಿನಲ್ಲಿ ಒಂದು ಗುಣವಿದೆ. ಸಿಗ್ನಲ್ ಎಷ್ಟು ಸೊರಗಿದರೂ ಚಿತ್ರವನ್ನು ಸಾಯಿಸಿ ಮಾತನ್ನು ಉಳಿಸಿಕೊಳ್ಳುತ್ತದೆ. ಕಲಸಿದ ಬಣ್ಣದೊಳಗಿಂದ ಮಾತು ಮಾತ್ರ ಚೊಕ್ಕವಾಗಿ ಬಂತು.

ಮೊದಲು ಬಂದದ್ದು ದೊಡ್ಡಮ್ಮನ ದನಿ. "ಬೀಗಿತ್ತಿ ಸೀರೆ ನೋಡು, ಸಾಮಿಯಾನದ ಬಟ್ಟೇಲೇ ಹೊಲ್ಸವ್ರೇನೋ."

"ಅಯ್ಯೋ ಶಿವನೇ," ಅಂದರು ದೊಡ್ಡಮ್ಮ, ಸೆರಗು ಬಾಯಿಗೆ ಹೋಯಿತು. "ಇದೂ ಸಿಕ್ಕಾಕೊಂಡೈತಾ?"

ಆಮೇಲೆ ದೂರದಿಂದ ತಮ್ಮನ ದನಿ, ಸ್ಪಷ್ಟವಾಗಿ. "ಅಣ್ಣಾ, ಬಾ. ಅಣ್ಣ ಎರೀದೆ ಯಾರೂ ಎರೀಬ್ಯಾಡಿ."

ದೊಡ್ಡಪ್ಪನ ಹುಬ್ಬು ಕೆಳಗಿಳಿಯಿತು. ನಾನು ಅವರ ಮುಖವನ್ನೇ ನೋಡುತ್ತಾ ಕೂತಿದ್ದೆ, ಮುಂದಿನದು ನನಗೆ ಗೊತ್ತಿತ್ತಲ್ಲ. ಕ್ಯಾಮೆರಾದ ಪಕ್ಕದಿಂದ, ಕಿವಿಗೆ ಬಾಯಿಟ್ಟು ಹೇಳಿದಷ್ಟು ಹತ್ತಿರದಲ್ಲಿ, ಅವರದೇ ದನಿ. "ಇನ್ನೊಂದ್ ಸಲ ಕರೀಲಿ. ಒಂದೇ ಸಲಕ್ಕೆ ಓಡೋಯ್ತಾರಾ? ನಂಗೂ ಒಂದ್ ಮರ್ವಾದೆ ಐತೆ."

ಅಷ್ಟರಲ್ಲಿ ಗಟ್ಟಿಮೇಳ ಶುರುವಾಯಿತು. ಡೋಲು ನಾದಸ್ವರದ ಅಬ್ಬರದಲ್ಲಿ ಮುಂದೇನೂ ಕೇಳಿಸುವುದಿಲ್ಲ.

ದೊಡ್ಡಮ್ಮ ನಕ್ಕರು ನೋಡಿ, ಮರದ ಮೇಲಿನ ಅಳಿಲು ಇಳಿದು ಓಡಿತು. "ಅಲ್ಲ ಕಣಾ ನನ್ ದೊರೆ, ಒಂದ್ ವರ್ಸದಿಂದ ಮನೇಲಿ ನನ್ ತಲೆ ತಿಂದಿದ್ದು ಇದಕ್ಕಾ?" ದೊಡ್ಡಪ್ಪ ಸುಲಿದ ಕಾಯನ್ನೇ ಮತ್ತೆ ಕೈಗೆ ತೆಗೆದುಕೊಂಡು ಅದರಲ್ಲಿ ನಾರು ಹುಡುಕತೊಡಗಿದರು. ನಾನು ನೋಡಬೇಕೆಂದು ಬಂದ ಮುಖ ಅದೇ. ಆದರೆ ಎದುರಿಗೆ ಸಿಕ್ಕಾಗ ನಗು ಬರಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು.

"ಇದು ಎಷ್ಟೊತ್ತು ಇರ್ತದವ್ವಾ?"

"ಇನ್ನು ಸ್ವಲ್ಪ ಹೊತ್ತು ಅಷ್ಟೇ ಗೌಡ್ರೇ. ಆಮೇಲೆ ಈ ಲಿಂಕ್ ಸತ್ತೋಗುತ್ತೆ."

"ಆಮ್ಯಾಕೆ ಯಾರ್ಗೂ ಸಿಗಾಕಿಲ್ವಾ? ನನ್ ತಮ್ಮಂಗೂ?"

"ನಾನು ಕೇಳದೆ ಯಾರಿಗೂ ಸಿಗಲ್ಲ. ನಾನು ಕೇಳಲ್ಲ."

"ಹಂಗಾರೆ ಇನ್ನೊಂದ್ ಸಲ ಹಾಕು."

ಹಾಕಿದೆ. ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಗಟ್ಟಿಮೇಳ ಮುಗಿಯುವವರೆಗೂ ಕೇಳಿ, ಮತ್ತೆ ಹಾಕಿಸಿಕೊಂಡರು. ಅವರು ಹುಡುಕುತ್ತಿದ್ದದ್ದು ಏನು ಅಂತ ನನಗೆ ಆಗ ಹೊಳೆಯಿತು. ಮೇಳದ ಹೊತ್ತಿಗೆ ತಮ್ಮನ ಬಾಯಿ ಮತ್ತೊಮ್ಮೆ ತೆರೆಯುವುದು ದಪ್ಪ ಚಿತ್ರದಲ್ಲಿ ಕಾಣುತ್ತದೆ. ಏನಂದರೋ ನನ್ನ ಹೆಡ್‌ಫೋನಿಗೂ ಸಿಕ್ಕಿರಲಿಲ್ಲ. ನನಗೆ ಕೇಳುವುದು ಬರೀ ಡೋಲು.

"ಕರ್ದವ್ನೆ," ಅಂದರು ದೊಡ್ಡಪ್ಪ, ಫೋನ್ ಕೊಡುತ್ತಾ. "ಎರಡ್ನೇ ಸಲಾನೂ ಕರ್ದವ್ನೆ."

ನಾನು ಹೂಂ ಅಂದೆ. ಸೀಮಂತಕ್ಕೆ ಬರುತ್ತೇನೆ ಅಂತ ಅವರ ಬಾಯಿಂದ ಬರಲಿಲ್ಲ. ನಾನು ಹೊರಡುವಾಗ ದೊಡ್ಡಮ್ಮ ಮಾತ್ರ, ಆ ಬಿಳಿ ಅಂಗಿಗೆ ನೀಲಿ ಹಾಕಬೇಕು ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ಬಸ್ ಹಳ್ಳ ದಾಟುವ ಹೊತ್ತಿಗೆ ಲಿಂಕ್ ಸತ್ತಿತ್ತು.

ಸೀಮಂತದ ವಿಡಿಯೊ ಕೂಡ ನಮ್ಮದೇ. ಹಳೇಬೀಡಿನ ಮೇಲೆ ಹೋಗಿ ಬೆಳಗ್ಗೆಯೇ ಬೇಲೂರು ಸೇರಿದೆವು. ಬೀಗರು ಸ್ಥಿತಿವಂತರು, ಸೀಮಂತಕ್ಕೂ ವಾಲಗ ಹೇಳಿದ್ದರು. ಹುಡುಗಿ ಹಸಿರು ಸೀರೆ ಉಟ್ಟು ಜಗಲಿಯಲ್ಲಿ ನಿಂತಿದ್ದಳು, ಹಸೆಯ ಮೇಲೆ ಕೂತಿರಲಿಲ್ಲ. ಪುರೋಹಿತರು ಹೊತ್ತು ಮೀರುತ್ತದೆ ಅಂತ ಹೇಳಿ ಹೇಳಿ ಸಾಕಾಗಿದ್ದರು. ಅಷ್ಟರಲ್ಲಿ ಗೇಟಿನ ಹತ್ತಿರ ಆಟೊ ನಿಂತಿತು. ದೊಡ್ಡಮ್ಮ ಇಳಿದು ಸರಸರನೆ ಒಳಗೆ ಬಂದರು. ದೊಡ್ಡಪ್ಪ ಇಳಿದು, ನೀಲಿ ಹಾಕಿದ ಬಿಳಿ ಅಂಗಿಯಲ್ಲಿ, ಚಪ್ಪರದ ಕಂಬದ ಹತ್ತಿರ ನಿಂತು ಗರಿಯನ್ನು ಹೇಗೆ ಕಟ್ಟಿದ್ದಾರೆ ಅಂತ ಪರೀಕ್ಷೆ ಮಾಡತೊಡಗಿದರು.

ತಮ್ಮ ಬಾಗಿಲಿಗೆ ಬಂದರು. ಬೀಗರ ಮನೆ, ನೂರು ಕಣ್ಣು. "ಅಣ್ಣಾ, ಬಾ," ಅಂದರು, ಸ್ವಲ್ಪ ಬಿಗಿಯಾಗಿಯೇ.

ದೊಡ್ಡಪ್ಪ ಗರಿಯ ಗಂಟನ್ನೇ ನೋಡುತ್ತಿದ್ದರು.

ತಮ್ಮನ ಮುಖ ಕೆಂಪಾಯಿತು. ಅವರಿಗೂ ಅದೇ ಮನೆಯ ರಕ್ತ. ತಿರುಗಿ ಒಳಗೆ ಹೊರಟವರನ್ನು ಹುಡುಗಿ ತಡೆದಳು. ಆ ತುಣುಕನ್ನು ನಾನು ಅವಳಿಗೆ ತೋರಿಸಿರಲಿಲ್ಲ, ಒಂದು ಮಾತೂ ಹೇಳಿರಲಿಲ್ಲ. ಆ ಮನೆಯಲ್ಲಿ ಬೆಳೆದವಳಿಗೆ ಹೇಳಬೇಕಾಗಿಯೂ ಇರಲಿಲ್ಲ.

"ಅಪ್ಪಾ," ಅಂದಳು ಮೆಲ್ಲಗೆ, "ಇನ್ನೊಂದ್ ಸಲ ಕರಿಯಪ್ಪ."

ವಾಲಗದವನು ನೆಂಟರು ಬಂದರು ಅಂತ ನಾದಸ್ವರ ತುಟಿಗೆ ಏರಿಸುತ್ತಿದ್ದ. ನಾನು ಅಡ್ಡ ಹೋಗಿ ಕೈ ಎತ್ತಿದೆ. ಡೋಲಿನವನು ಕೋಲನ್ನು ಗಾಳಿಯಲ್ಲೇ ಹಿಡಿದು ನನ್ನನ್ನು ಹುಚ್ಚಿಯಂತೆ ನೋಡಿದ. ಚಪ್ಪರದ ಕೆಳಗೆ ಒಂದು ಗಳಿಗೆ ಯಾವ ಸದ್ದೂ ಇರಲಿಲ್ಲ.

"ಅಣ್ಣಾ," ಅಂದರು ತಮ್ಮ. ಈ ಸಲ ಆ ಬಿಗಿ ಇರಲಿಲ್ಲ. "ಬಾರಣ್ಣಾ. ನೀನ್ ಬರ್ದೆ ಏನೂ ಆಗಾಕಿಲ್ಲ."

ದೊಡ್ಡಪ್ಪ ಕಂಬ ಬಿಟ್ಟು, ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿದರು.

"ಬಂದೆ ಕಣ್ಲಾ," ಅಂದರು. "ಯಾಕ್ಲಾ ಹಂಗೆ ಕೂಗ್ತೀಯ? ನಂಗೇನ್ ಕಿವಿ ಕೇಳಾಕಿಲ್ವಾ?"