ಯಮನಮ್ಮನ ಹಿಡಿ ಜೋಳ

ಯಮನಮ್ಮ ಅಂದರೆ ನನಗೆ ಈಗಲೂ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆ. ಕಮಲಾಪುರದಲ್ಲಿ ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೆಳಗಾಗುತ್ತಲೇ ಗೋಡೆಯಾಚೆ ಪಟಪಟ ಶುರುವಾಗುತ್ತಿತ್ತು. "ಏಳ್ರೇ, ಯಮನಕ್ಕ ರೊಟ್ಟಿಗಿ ಕುಂತಳು" ಎಂದು ನಮ್ಮವ್ವ ನಮ್ಮ ಹೊದಿಕೆ ಎಳೆಯುತ್ತಿದ್ದಳು. ಮನೆಯಲ್ಲೊಂದು ಗಡಿಯಾರ ಇತ್ತು, ಆದರೆ ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ.

ನಾನು ಎರಡನೇ ಇಯತ್ತೆ ಓದುತ್ತಿದ್ದಾಗ ಅಪ್ಪ ಬಾಳೆಗೊನೆ ಹೇರಿದ ಬಂಡಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಆ ವರ್ಷವೆಲ್ಲ ಆತ ಹಾಸಿಗೆ ಹಿಡಿದಿದ್ದ, ಮನೆಯಲ್ಲಿ ಒಲೆ ಹೊತ್ತುವುದು ಒಂದೇ ಹೊತ್ತು. ಮಧ್ಯಾಹ್ನ ಅವ್ವ ನನ್ನನ್ನು ಯಮನಮ್ಮನ ಮನೆಗೆ ಉಣ್ಣಲು ಕಳಿಸುತ್ತಿದ್ದಳು. ಕಳಿಸುವಾಗ ನನ್ನ ಅಂಗೈಯಲ್ಲಿ ಒಂದು ಹಿಡಿ ಜೋಳ ಹಾಕಿ ಬೆರಳು ಮಡಿಚುತ್ತಿದ್ದಳು. ಉಣ್ಣುವ ಮನೆಗೆ ಬರಿಗೈಲಿ ಹೋಗಬಾರದು ಎಂಬುದು ನಮ್ಮ ಕಡೆಯ ಹೆಂಗಸರ ಪದ್ಧತಿ. ಮಠದ ದಾಸೋಹಕ್ಕೆ ಹೋಗಲಿ, ರಾಶಿಯ ದಿನ ಇನ್ನೊಬ್ಬರ ಕಣದಲ್ಲಿ ಉಣ್ಣಲಿ, ಸೆರಗಿನ ತುದಿಯಲ್ಲಿ ಒಂದು ಹಿಡಿ ಕಟ್ಟಿಕೊಂಡೇ ಹೋಗುವವರು. ಹಿಡಿ ಕೊಟ್ಟು ಹೊಟ್ಟೆತುಂಬ ಉಂಡು ಬರುವವರು.

ನಾನು ಹೊಸ್ತಿಲಲ್ಲಿ ನಿಂತರೆ ಯಮನಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದು ಬರುತ್ತಿದ್ದಳು. ಹಿಟ್ಟಿನ ಕೈ ಸೀರೆಗೆ ಒರೆಸಿ, ಎರಡೂ ಅಂಗೈ ಒಡ್ಡಿ ನನ್ನ ಜೋಳ ಇಸಿದುಕೊಳ್ಳುತ್ತಿದ್ದಳು. ಆಮೇಲೆ ಮನೆಗೆಲ್ಲ ಕೇಳುವಂತೆ ಕೂಗುವಳು: "ಅಂಬೂ ಜ್ವಾಳ ತಂದಾಳ! ಇವತ್ತ ನಮ್ಮ ಮನಿ ತುಂಬಿತು ನೋಡ್ರಿ!" ಒಳಗಿನಿಂದ ಆಕೆಯ ಗಂಡ ಖಂಡೆಪ್ಪ, "ಹಂಗಾದ್ರ ಆಕಿಗಿ ಮೊದಲು ಬಡಸು" ಅನ್ನುವನು. ನಾನು ದೊಡ್ಡ ಜಮೀನ್ದಾರಿಣಿಯ ಹಾಗೆ ಚಕ್ಕಂಬಕ್ಕಳ ಹಾಕಿ ಕೂಡುತ್ತಿದ್ದೆ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ನಾವು ಕಷ್ಟದಲ್ಲಿದ್ದೇವೆ ಎಂಬುದು ಆ ವರ್ಷವಿಡೀ ನನಗೆ ಗೊತ್ತೇ ಆಗಲಿಲ್ಲ.

ನನ್ನ ಮದುವೆಯ ಹೊತ್ತಿಗೆ ಅವ್ವ ಒಂದು ಮಾತು ಹೇಳಿದಳು. ನಾನು ಒಯ್ಯುತ್ತಿದ್ದ ಜೋಳ ಯಮನಮ್ಮನದೇ. ಸುಗ್ಗಿಯಲ್ಲಿ ಆಕೆ ಹಿತ್ತಲ ಬಾಗಿಲಿಂದ ನಮಗೊಂದು ಚೀಲ ಕೊಟ್ಟಿದ್ದಳು. ಚೀಲದಲ್ಲಿ ಬಂದದ್ದು ಹಿಡಿಹಿಡಿಯಾಗಿ ವಾಪಸ್ ಹೋಗುತ್ತಿತ್ತು, ಯಮನಮ್ಮ ಅದನ್ನು ಪ್ರತಿದಿನ ಹೊಸದಾಗಿ ಕಂಡವಳಂತೆ ಇಸಿದುಕೊಳ್ಳುತ್ತಿದ್ದಳು. ಇದನ್ನು ಹೇಳುತ್ತ ಅವ್ವ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಖಂಡೆಪ್ಪ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಯಮನಮ್ಮ ಕಲಬುರಗಿಗೆ ಬಂದು ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಕುಂತಳು. ಅಷ್ಟೊತ್ತಿಗೆ ನಾನೂ ಇಲ್ಲಿನ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ಆಕೆಯ ರೊಟ್ಟಿ ತಿನ್ನಲೆಂದೇ ಊರಾಚೆಯಿಂದ ಜನ ಬರುತ್ತಿದ್ದರು. ತಟ್ಟೆಯಲ್ಲಿ ಚೂರು ಬಿಟ್ಟವರನ್ನು ಒಲೆಯ ಮುಂದಿನಿಂದಲೇ ಬೈಯುತ್ತಿದ್ದಳು, ಬೈಸಿಕೊಂಡವರು ಮರುದಿನ ತಪ್ಪದೆ ಹಾಜರಾಗುತ್ತಿದ್ದರು. ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಕೂಡಿಕೊಂಡಿತು, ಸೊಟ್ಟಗೆ. ಒಂದೇ ಕೈಯಿಂದ ರೊಟ್ಟಿ ಆಗುವುದಿಲ್ಲ, ಖಾನಾವಳಿಯ ಕೆಲಸ ಹೋಯಿತು. ಅಲ್ಲೇ ಹತ್ತಿರದ ಕುಸನೂರಿನ ಒಂದು ಖೋಲಿಯಲ್ಲಿ ಇದ್ದುಬಿಟ್ಟಳು. ಪಿಂಚಣಿ ಬಾಡಿಗೆಗೇ ಮುಗಿಯುತ್ತಿತ್ತು, ರೇಷನ್ ಅಕ್ಕಿ ಅರ್ಧ ತಿಂಗಳು ದಾಟುತ್ತಿರಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ನಾನು ಹೋದಾಗಲೆಲ್ಲ ಆಕೆ ಆಗತಾನೆ ಉಂಡು ಕೈತೊಳೆದವಳಂತೆ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬರುತ್ತಿದ್ದಳು. ಮುದುಕಿ ಭಾರಿ ನಾಟಕಗಾತಿ.

ನಾವೊಂದಿಷ್ಟು ಜನ ಕೂಡಿ ಕಟ್ಟಿಕೊಂಡ ಸೇವಾ ಬಳಗ ಒಂದಿದೆ. ಮದುವೆ ಮನೆಗಳಲ್ಲಿ ಉಳಿದ ಅಡುಗೆ ತಂದು ಹಂಚುವುದರಿಂದ ಶುರುವಾದದ್ದು. ಅದರ ಅಧ್ಯಕ್ಷರು ಶಿವಲಿಂಗ, ಬೇಳೆ ಮಿಲ್ಲಿನ ಮನೆತನದವರು. ಈ ವರ್ಷ ಅವರು ಮೋಮಿನಪುರದ ಹತ್ತಿರ ತಮ್ಮ ಹಳೆಯ ಗೋದಾಮನ್ನೇ ಬಿಟ್ಟುಕೊಟ್ಟರು. ಸುಣ್ಣ ಬಳಿಸಿ, ಕಾಳುಕಡಿಗೆ ಕಪಾಟು ಮಾಡಿಸಿ, ದೊಡ್ಡ ಅಡುಗೆಮನೆ ಕಟ್ಟಿಸಿ 'ಆಹಾರ ಬ್ಯಾಂಕ್' ಎಂದು ಬೋರ್ಡು ಹಾಕಿದೆವು. ಜನ ಅದಕ್ಕೆ 'ಬುತ್ತಿ ಮನಿ' ಅಂದರು. ಅಡುಗೆಯ ಉಸ್ತುವಾರಿ ಮೋಮಿನಪುರದ ಗೌಸಿಯಾಳದು. ಎಲ್ಲ ಚೊಕ್ಕವಾಗಿತ್ತು, ಬಾಗಿಲಿನ ವಿಷಯ ಒಂದು ಬಿಟ್ಟು. ಗದ್ದಲ ಆಗಬಾರದೆಂದು ಶಿವಲಿಂಗ ಎರಡು ಬಾಗಿಲು ಇಡಿಸಿದ್ದರು. ಮುಂದಿನದರ ಮೇಲೆ 'ದಾನಿಗಳು', ಓಣಿ ಕಡೆಯದರ ಮೇಲೆ 'ಫಲಾನುಭವಿಗಳು'. ಈ ಎರಡನೆಯ ಪದ ಕಂಡರೆ ನನಗೆ ಮೈ ಉರಿಯುತ್ತದೆ. ಹಸಿದವರನ್ನು ಹಸಿದವರು ಅನ್ನಲು ಏನು ಕಷ್ಟ?

ಉದ್ಘಾಟನೆಯ ದಿನ ನಾನು ನಂಟರ ಮನೆಯ ಕಾರ್ಯಕ್ಕೆ ಕಮಲಾಪುರಕ್ಕೆ ಹೋಗಿದ್ದೆ. ಶಾಲೆಗೆ ರಜೆ ಇದ್ದುದರಿಂದ ಅಲ್ಲೇ ಕೆಲವು ವಾರ ಉಳಿದೆ. ತಿರುಗಿ ಬಂದು ಬುತ್ತಿ ಮನೆಯೊಳಗೆ ಕಾಲಿಟ್ಟರೆ ಎದುರು ಗೋಡೆಯ ಮೇಲೆ ಯಮನಮ್ಮ! ದೊಡ್ಡ ಫೋಟೋ. ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ, ಕೆಳಗೆ 'ನಮ್ಮ ಮೊದಲ ದಾನಿ' ಎಂದು ಬರೆಸಿದ್ದರು.

"ಇವರು ಗೊತ್ತೇನ್ರೀ ಮೇಡಂ?" ಗೌಸಿಯಾ ಕೇಳಿದಳು. "ಬಾಗಲಾ ತೆರದ ಕೂಡ್ಲೇ ಇವರೇ ಬಂದರು ನೋಡ್ರೀ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಜ್ವಾಳ ಕೊಟ್ಟರು. ಶಿವಲಿಂಗ ಸಾಹೇಬ್ರ ಕಣ್ಣಾಗ ನೀರೇ ಬಂತು. ಶಾಲು ಹೊದಿಸಿ, ಫೋಟೋ ತೆಗಿಸಿ, ಮಾನ-ಇಜ್ಜತ್ತಿಲೆ ಆಟೋದಾಗ ಕುಂದರಿಸಿ ಮನಿಗಿ ಕಳಿಸಿದ್ರು."

"ಮನಿಗಿ ಕಳಿಸಿದ್ರಾ? ಉಣಸಲಿಲ್ಲೇನು?"

"ದಾನ ಕೊಡಾಕ ಬಂದವರಿಗಿ ಹ್ಯಾಂಗ ಕೇಳೋದ್ರೀ? ಊಟ ಆ ಕಡಿ ಬಾಗಲಾಗ." ಗೌಸಿಯಾ ಹೊರಗಿನ ಕಟ್ಟೆಯತ್ತ ಬೆರಳು ಮಾಡಿ ಹೇಳಿದಳು, "ಈಗೂ ಸೋಮವಾರಕ್ಕೊಮ್ಮೆ ಬರ್ತಾರ. ಹಿಡಿ ಜ್ವಾಳ ಕೊಡ್ತಾರ, ಅಲ್ಲಿ ಕಟ್ಟಿ ಮ್ಯಾಲ ಬಾಳ ಹೊತ್ತು ಕೂಡ್ತಾರ. ಆಮ್ಯಾಲ ಸುಮ್ಮ ಎದ್ದು ಹೋಗ್ತಾರ."

ಆಕೆ ಬಂದದ್ದು ಉಣ್ಣಲು. ಪದ್ಧತಿಯಂತೆ ಹಿಡಿ ಜೋಳ ಹಿಡಿದು, ಹಸಿದುಕೊಂಡು ಬಂದ ಹೆಂಗಸಿಗೆ ಇವರು ಹಾರ ಹಾಕಿ ಕಳಿಸಿಬಿಟ್ಟಿದ್ದರು.

ಸಂಜೆಯೇ ಕುಸನೂರಿಗೆ ಹೋದೆ. ಯಮನಮ್ಮ ಎಂದಿನಂತೆ ಸೆರಗಿಗೆ ಕೈ ಒರೆಸುತ್ತ ಬಂದಳು. ನಾನು ನೇರ ಒಳಗೆ ಹೋಗಿ ಒಲೆ ಮುಟ್ಟಿದೆ, ತಣ್ಣಗಿತ್ತು. ಡಬ್ಬಿಗಳ ಮುಚ್ಚಳ ತೆಗೆದೆ. ಎಲ್ಲ ಖಾಲಿ. ಒಂದರ ತಳದಲ್ಲಿ ಮಾತ್ರ ಜೋಳ ಒಂದಿಷ್ಟು ಉಳಿದಿತ್ತು.

"ದೊಡ್ಡವ್ವ, ಇದನ್ನರ ಒಡದು ನುಚ್ಚು ಕುದಿಸ್ಕೊಂಡು ಉಣ್ಣಬಾರದೇನು?"

"ಅದನ್ನ ಉಂಡ್ರ ಅಲ್ಲಿಗಿ ಏನ ಹಿಡಕೊಂಡು ಹೋಗಲವ್ವ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಾಳೆಯೇ ನನ್ನ ಸಂಗಡ ಬಂದು ಉಣ್ಣಬೇಕು ಅಂದೆ. ಇಲ್ಲವೆಂದರೆ ನನ್ನ ಮನೆಗಾದರೂ ನಡೆ ಅಂದೆ. ಆಕೆ ಎರಡಕ್ಕೂ ತಲೆ ಅಲ್ಲಾಡಿಸಿದಳು.

"ನಾಕ ಮಂದಿ ಮುಂದ ದಾನಿ ಅಂತ ಶಾಲು ಹೊದಿಸ್ಯಾರ. ಈಗ ಆ ಓಣಿ ಬಾಗಲಾಗ ತಾಟ ಹಿಡಕೊಂಡು ಹ್ಯಾಂಗ ನಿಲ್ಲಲಿ? ನೀ ಸುಮ್ಮ ಹೋಗು, ನನಗೇನ ಹಸಿವಿಲ್ಲ."

ನಾನು ತಂದಿದ್ದ ಬಾಳೆಹಣ್ಣನ್ನು ಮಾತ್ರ, ಊರಿಂದ ಬಂದದ್ದೆಂದು, ಇಸಿದುಕೊಂಡಳು. ಈ ಮುದುಕಿ ಮಾನ ಕಾಯಲು ಹೋಗಿ ಜೀವ ಕಳಕೊಳ್ಳುತ್ತಾಳೆಂದು ನನಗೆ ನಿಜವಾಗಿಯೂ ಭಯವಾಯಿತು.

ಮರುದಿನ ಶಿವಲಿಂಗರ ಮುಂದೆ ಕುಂತು ಇದ್ದದ್ದು ಇದ್ದಂಗೆ ಹೇಳಿದೆ. ಅವರು ಪೆಚ್ಚಾದರು. ಕೆಟ್ಟ ಮನುಷ್ಯರಲ್ಲ. ಅವರ ಮನೆಯಲ್ಲಿ ಕೊಟ್ಟು ರೂಢಿ, ಕೈ ಒಡ್ಡಿ ಗೊತ್ತಿಲ್ಲ ಅಷ್ಟೇ.

"ಮನಿಗೇ ಡಬ್ಬಿ ಕಳಸೋಣ ಬಿಡ್ರೀ ಮೇಡಂ."

"ಡಬ್ಬಿ ಹ್ಯಾಂಗ ಹೋಗ್ತದ ಹಂಗೇ ವಾಪಸ್ ಬರ್ತದ. ಒಂದು ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮವ್ವ ದಾಸೋಹಕ್ಕ ಬರಿಗೈಲೆ ಹೋಗ್ತಿದ್ದರೇನ್ರೀ?"

ಶಿವಲಿಂಗ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಇಲ್ಲರೀ. ಸೆರಗಿನಾಗ ಕಟಗೊಂಡು ಹೋಗ್ತಿದ್ಳು. ನನ್ನ ಕೈಯಾಗೂ ಒಂದಿಷ್ಟು ಹಾಕ್ತಿದ್ಳು." ದನಿ ಸಣ್ಣದಾಯಿತು. "ಕೊಟ್ಟು ಅಲ್ಲೇ ಕುಂತು ಉಂಡು ಬರ್ತಿದ್ದಿವಿ. ಪೂರಾ ಮರ್ತುಬಿಟ್ಟಿದ್ದೆ ನೋಡ್ರಿ." ಅವರೇ ಎದ್ದು ಕುರ್ಚಿ ಹತ್ತಿ ಆ ಫೋಟೋ ಇಳಿಸಿದರು.

ಎರಡೂ ಬಾಗಿಲಿನ ಬೋರ್ಡು ಕಿತ್ತೆವು. ಓಣಿ ಕಡೆಯದಕ್ಕೆ ಕೀಲಿ ಬಿತ್ತು. ಮುಂಬಾಗಿಲಲ್ಲಿ ಒಂದು ಬಿದಿರಿನ ಬುಟ್ಟಿ ಇಟ್ಟೆವು. ಬಂದವರು ಮನಸ್ಸಿದ್ದರೆ ಹಿಡಿ ಕಾಳೋ ಎರಡು ಉಳ್ಳಾಗಡ್ಡಿಯೋ ಹಾಕಬಹುದು, ಇಲ್ಲದವರು ಹಾಗೇ ಒಳಗೆ ಬರಬಹುದು. ಎಲ್ಲರೂ ಅಲ್ಲೇ ಸಾಲಾಗಿ ಕುಂತು ಉಣ್ಣುವುದು. ಗೌಸಿಯಾ ಮನೆಯಿಂದ ಒಂದು ಹಿಡಿ ಅಕ್ಕಿ ತಂದು ಹಾಕಿ, "ನಂದೂ ಇರಲ್ರೀ, ನಾನೂ ಇಲ್ಲೇ ಉಣ್ಣಾಕಿ" ಅಂದಳು.

ಸೋಮವಾರ ಬಂತು. ನಾನು ರಜೆ ಹಾಕಿ ಬುಟ್ಟಿಯ ಪಕ್ಕದಲ್ಲೇ ನಿಂತೆ. ಜನ ಬಂದರು, ಉಂಡರು, ಎದ್ದರು. ಯಮನಮ್ಮ ಇಲ್ಲ. ನಾನೇ ಹೋಗಿ ಅವಸರ ಮಾಡಿ ಕೆಲಸ ಕೆಡಿಸಿದೆನೇನೋ, ಇನ್ನು ಈ ಕಡೆ ಮುಖವೇ ಹಾಕುವುದಿಲ್ಲವೇನೋ ಅನಿಸತೊಡಗಿತು. ಕೊನೆಯ ಪಂಕ್ತಿ ಕೂಡುವ ಹೊತ್ತಿಗೆ ಬಿಸಿಲಲ್ಲಿ ಸೆರಗು ತಲೆಮೇಲೆ ಹೊದ್ದು ಆಕೆ ಬರುವುದು ಕಂಡಿತು.

ಬಾಗಿಲ ಮುಂದೆ ನಿಂತು ಬೋರ್ಡು ಹುಡುಕಿದಳು. ಇರಲಿಲ್ಲ. ಒಳಗೆ ಇಣುಕಿದಳು. ಪಂಕ್ತಿಯ ನಡುವೆ ಶಿವಲಿಂಗ ಚಾಪೆಯ ಮೇಲೆ ಕುಂತು ಪಲ್ಯ ಹಚ್ಚಿಕೊಂಡು ರೊಟ್ಟಿ ಮುರಿಯುತ್ತಿದ್ದರು. ಅವರ ಒಂದು ಪಕ್ಕ ಹಮಾಲನೊಬ್ಬ, ಇನ್ನೊಂದು ಪಕ್ಕ ಖಾಲಿ ಜಾಗ. ಯಮನಮ್ಮ ಸೊಟ್ಟ ಕೈಯಿಂದಲೇ ಸೆರಗಿನ ಗಂಟು ಬಿಚ್ಚಿದಳು. ಡಬ್ಬಿಯ ತಳ ಬಳಿದು ತಂದಿದ್ದಳೆಂದು ನೋಡಿದ ಕೂಡಲೇ ತಿಳಿಯಿತು, ಹಿಡಿಯೂ ತುಂಬಿರಲಿಲ್ಲ.

ಬುಟ್ಟಿಗೆ ಹಾಕಲು ನಾನು ಬಿಡಲಿಲ್ಲ. ಎರಡೂ ಅಂಗೈ ಒಡ್ಡಿ ಇಸಿದುಕೊಂಡೆ. ಗೋದಾಮಿಗೆಲ್ಲ ಕೇಳುವಂತೆ ಕೂಗಿದೆ.

"ದೊಡ್ಡವ್ವ ಜ್ವಾಳ ತಂದಾಳ! ಇವತ್ತ ನಮ್ಮ ಮನಿ ತುಂಬಿತು ನೋಡ್ರಿ!"

ಯಮನಮ್ಮ ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು, ಒಳಗೆ ನಡೆದು, ಶಿವಲಿಂಗರ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕುಂತಳು.

"ಹಂಗಾದ್ರ ಬಡಸು ಅಂಬೂ" ಅಂದಳು. "ಬಾಳ ಹಸಿವಿ ಆಗ್ಯಾದ."