ಹಾರ ಹಾಕಿದ ಫೋಟೋ ಮತ್ತು ನಮ್ಮ ಬಾವ

ನಮ್ಮ ಬಾವ ಬೆಟ್ಟಸ್ವಾಮಿ ಬದುಕಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮೂರು ಚಿಕ್ಕಯ್ಯನಛತ್ರದಲ್ಲಿ ಈಗಲೂ ಕೆಲವರು ನನ್ನನ್ನು ಕಂಡರೆ ದನಿ ತಗ್ಗಿಸಿ, "ಎಲ್ಲಾ ಮುಗೀತೇನವ್ವ ರುದ್ರಾಣಿ" ಎಂದು ಕೇಳುತ್ತಾರೆ. ಏನು ಮುಗಿಯಿತು, ಏನು ಮುಗಿದಿಲ್ಲ ಎಂದು ಅವರಿಗೆ ಹೇಳುವಷ್ಟು ನನಗೇ ತಿಳಿದಿಲ್ಲ.

ಬಾವ ಅಂದರೆ ನನ್ನ ಗಂಡ ಮಹದೇವ ಅವರ ಅಣ್ಣ. ಕೆಲಸ ನಟನೆ. ಊರಿನ ಪೌರಾಣಿಕ ನಾಟಕದಲ್ಲಿ ಈಟಿ ಹಿಡಿದು ನಿಲ್ಲುವ ದ್ವಾರಪಾಲಕನಾಗಿ ಶುರು ಮಾಡಿದವರು. ಒಂದು ಸಲ ಹೆಣ್ಣುಪಾತ್ರಕ್ಕೆ ಬರಬೇಕಾದವಳು ಬಸ್ಸು ತಪ್ಪಿ ಬಾರದೆ ಹೋದಾಗ ಇವರೇ ಸೀರೆ ಸುತ್ತಿಕೊಂಡು ಅತ್ತರು. ಜನ ಅಳಬೇಕಾದ ಕಡೆ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಹಾಸ್ಯನಟರಾದರು. ಆಮೇಲೆ ಕಂಪನಿ ನಾಟಕ, ತಿ. ನರಸೀಪುರದ ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ, ಹಸುವಿನ ಫೀಡ್‌ನ ಜಾಹೀರಾತು, ಸಿನಿಮಾಗಳಲ್ಲಿ ಕಾನ್‌ಸ್ಟೇಬಲ್, ಕಾಂಪೌಂಡರ್, ಮದುವೆ ಬ್ರೋಕರ್. ಒಂದರಲ್ಲಿ ಹೆಣ. ಅದನ್ನೂ ಚೆನ್ನಾಗಿ ಮಾಡಿದ್ದೆ ಎಂದು ಹೇಳಿಕೊಂಡು ತಿರುಗಿದ ಪುಣ್ಯಾತ್ಮ.

ಹೆಂಡತಿಯ ಊರಾದ ನರಸೀಪುರದಲ್ಲಿ ಮನೆ ಮಾಡಿಕೊಂಡಿದ್ದಾರೆ. ಇಲ್ಲಿಗೆ ಬಂದರೂ ಮನುಷ್ಯರಂತೆ ಬರುವವರಲ್ಲ. ಬಾಗಿಲಲ್ಲೇ ಕರೆಂಟ್ ಬಿಲ್ಲಿನವನ ದನಿ, ಊಟಕ್ಕೆ ಕೂತರೆ ಮೇಷ್ಟರ ದನಿ, ಉಪ್ಪು ಕೇಳಲು ಇನ್ಯಾರದೋ ದನಿ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮತ್ತೆ ಚನ್ನಾಜಮ್ಮನವರು ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಕೊನೆಗೆ ಟಿ.ವಿ. ಧಾರಾವಾಹಿಯೊಂದರಲ್ಲಿ ನಾಯಕಿಯ ಅಪ್ಪನ ಪಾತ್ರ ಸಿಕ್ಕಿತು. ಅದು ನಡೆಯುತ್ತಿರುವಾಗಲೇ ಒಂದು ಸಿನಿಮಾದವರು ಸನ್ಯಾಸಿಯ ಪಾತ್ರಕ್ಕೆ ಕರೆದರು. ತಲೆ ಬೋಳಿಸಬೇಕು, ಮೀಸೆಯೂ ಹೋಗಬೇಕು. ಧಾರಾವಾಹಿಯ ಅಪ್ಪ ರಾತ್ರೋರಾತ್ರಿ ಬೋಳಾಗುವುದು ಹೇಗೆ? ನಿರ್ದೇಶಕರು ತಲೆ ಕೆಡಿಸಿಕೊಳ್ಳಲಿಲ್ಲ, ಅಪ್ಪನನ್ನು ಸಾಯಿಸಿಬಿಟ್ಟರು. ಗೋಡೆಗೆ ತೂಗುಹಾಕಲು ಮೇಕಪ್ ಇಲ್ಲದ ಒಂದು ಫೋಟೋ ಮಾತ್ರ ಬೇಕು ಅಂದರಂತೆ.

ಅತ್ತೆ ಬದನವಾಳಿಗೆ ಮಗಳ ಮನೆಗೆ ಹೋಗಿದ್ದಾಗ ಬಾವ ಬಂದು, ನಮ್ಮ ನಡುಮನೆಯ ಗೋಡೆಯಲ್ಲಿದ್ದ ತಮ್ಮ ಫೋಟೋವನ್ನೇ ಇಳಿಸಿಕೊಂಡು ಹೋದರು. ನಂಜನಗೂಡಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಬಿಳಿ ಷರಟು, ತುಂಬು ಮೀಸೆ. "ಯಾಕೆ ಬಾವ, ಬೇರೆ ಇಲ್ವಾ?" ಅಂದೆ. "ಇದೊಂದ್ರಲ್ಲೇ ಕಣಮ್ಮ ನಾನು ನಾನಾಗಿರೋದು" ಅಂದರು. ಮಹಾ ಬುದ್ಧಿವಂತರು.

ಅತ್ತೆ ವಾಪಸು ಬಂದ ಸಂಜೆ ಟಿ.ವಿ. ಹಾಕಿಕೊಂಡು ಕೂತರು. ಧಾರಾವಾಹಿಯ ಮನೆಯ ಗೋಡೆಯಲ್ಲಿ ನಮ್ಮ ಮನೆಯ ಫೋಟೋ. ಗಂಧದ ಹಾರ, ಹಣೆಗೆ ಕುಂಕುಮ, ಮುಂದೆ ದೀಪ. ಅತ್ತೆ ಎದ್ದು ನಮ್ಮ ಗೋಡೆ ನೋಡಿದರು. ಬರೀ ಮೊಳೆ ಇತ್ತು.

"ನಾಟಕ ಕಣತ್ತೆ" ಅಂದೆ.

"ನಾಟ್ಕದಲ್ಲಿ ಸತ್ರೆ ನಾಟ್ಕದ ಫೋಟೋ ಆಕ್ತಾರೆ. ಇದು ನಮ್ಮನೇದು" ಅಂದರು.

ಅತ್ತೆಗೆ ಅರಳುಮರಳು ಅಂದುಕೊಳ್ಳಬೇಡಿ. ಒಂದು ಕಣ್ಣಿಗೆ ಪೊರೆ ಬಂದಿದೆ ಅಷ್ಟೇ. ತಲೆ ನನಗಿಂತ ನೆಟ್ಟಗಿದೆ, ಕಷ್ಟ ಇರುವುದೇ ಅಲ್ಲಿ. ಹಿಂದೆ ಅವರ ತಮ್ಮ ತೀರಿಕೊಂಡಾಗ ಬಿ.ಪಿ. ಏರೀತು ಎಂದು ತವರಿನವರು ತಿಥಿ ಮುಗಿಯುವವರೆಗೂ ತಿಳಿಸಿರಲಿಲ್ಲ. ಹಾಗಾಗಿ ನಾವು ಇಲ್ಲ ಇಲ್ಲ ಅಂದಷ್ಟೂ ಅವರಿಗೆ ಅದೇ ಗಟ್ಟಿಯಾಯಿತು. ಅನ್ನ ಬಿಟ್ಟರು. ನಮ್ಮ ಯಜಮಾನರು, "ಕಾಗೆ ಮುಟ್ಟಿದ್ರೆ ದೋಷ ಓಗ್ಲಿ ಅಂತ ನೆಂಟ್ರಿಗೆ ಸತ್ರು ಅಂತ ಸುಳ್ಳು ಏಳಿ ಕಳಿಸಿ ಅಳ್ಸಲ್ವಾ, ಅಂಗೆ ಅನ್ಕೊ ಅವ್ವ" ಅಂದರು. "ಅತ್ತ ಮೇಲೆ ಸುಳ್ಳು ಅಂತ ಬಂದು ಏಳೋರು ಕಣ್ಲಾ. ನಂಗ್ಯಾರು ಬಂದು ಏಳುದ್ರು?" ಅಂದರು ಅತ್ತೆ.

ಬಾವನಿಗೆ ಫೋನು ಹಚ್ಚಿ ಅವರ ಕಿವಿಗಿಟ್ಟೆ. ಕೇಳಿದರು, ವಾಪಸು ಕೊಟ್ಟರು. "ಅವ್ನು ಎಲ್ಲಾರಂಗೂ ಮಾತಾಡ್ತಿದ್ದ. ಅವ್ನಂಗೆ ಮಾತಾಡೋಕೆ ಇನ್ನೊಬ್ಬನಿಗೆ ಬರಾಕಿಲ್ವಾ?"

ನಿಜ ಹೇಳಬೇಕೆಂದರೆ, ಫೋನಿನಲ್ಲಿದ್ದದ್ದು ಬಾವನೇನಾ ಎಂದು ನನಗೂ ಒಂದು ಗಳಿಗೆ ಅನುಮಾನ ಬಂತು.

ಮಾರನೇ ದಿನ ಮಧ್ಯಾಹ್ನ ಬಾವ ಶೂಟಿಂಗ್ ಬಿಟ್ಟು ಓಡಿ ಬಂದರು. ಬೋಳು ತಲೆ, ಬೋಳು ಮೂತಿ. ಬಾಗಿಲು ತೆಗೆದ ನಾನೇ "ಯಾರು ಬೇಕಾಗಿತ್ತು?" ಅಂದೆ. ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಅವ್ವ, ನಾನು ಕಣವ್ವ, ಬೆಟ್ಟ" ಅಂದರು. ಅತ್ತೆ ಅವರ ತಲೆ ಸವರಿದರು, ಮೂಗಿನ ಕೆಳಗೆ ಬೆರಳಾಡಿಸಿದರು.

"ಮಾದೇವ ಕರ್ಕೊಂಡು ಬಂದ್ನೇನಪ್ಪ ನಿನ್ನ? ಅವ್ನನ್ನೇ ಓಲ್ತೀಯ" ಅಂದರು.

ಬಾವ ತಾವು ಚಿಕ್ಕಂದಿನಲ್ಲಿ ಬಾವಿಗೆ ಬಿದ್ದದ್ದು, ಎಮ್ಮೆ ಕಳೆದದ್ದು, ಅಪ್ಪನ ಏಟು ಎಲ್ಲ ಹೇಳಿದರು. ಅತ್ತೆ ತಲೆಯಾಡಿಸುತ್ತಾ ಕೇಳಿ, "ಮಾದೇವ ಚೆನ್ನಾಗಿ ಬಾಯ್ಪಾಟ ಮಾಡ್ಸವ್ನೆ" ಅಂದರು. ಬಾವನಿಗೆ ಗಾಬರಿಯಾಯಿತು. ಗಾಬರಿಯಾದರೆ ಅವರಿಗೆ ಗೊತ್ತಿರುವುದು ಒಂದೇ: ಮೇಷ್ಟರ ದನಿ ತೆಗೆದರು, ಕರೆಂಟ್ ಬಿಲ್ಲಿನವನ ದನಿ ತೆಗೆದರು. ಅತ್ತೆ ನಗಲಿಲ್ಲ. "ಬಾವ, ನಿಮ್ಮ ದನೀಲಿ ಮಾತಾಡಿ" ಎಂದು ನಾನು ಗದರಿದೆ. ಅವರು ಬಾಯಿ ತೆರೆದರು, ನನ್ನ ಮುಖ ನೋಡಿದರು. "ಯಾವ್ದು ರುದ್ರಾಣಿ ಅದು?" ಎಂದು ಮೆಲ್ಲಗೆ ಕೇಳಿದರು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಆಗ ಅವರು ಅಳಲು ಶುರು ಮಾಡಿದರು. ಧಾರಾವಾಹಿಯಲ್ಲೂ ಹೀಗೇ ಅಳುತ್ತಿದ್ದರಲ್ಲ ಎಂದು ನನ್ನ ಪಾಪಿ ಮನಸ್ಸಿಗೆ ಅನಿಸಿತು. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಅತ್ತೆ ಮಾತ್ರ ಕರಗಿದರು. ಸೆರಗಿನಿಂದ ಅವರ ಕಣ್ಣೊರೆಸಿ, ಒಳಗಿಂದ ಮುದ್ದೆ ತರಿಸಿ, ಸಾರು ಬಿಟ್ಟು ಎದುರಿಗೆ ಕೂತು ಉಣ್ಣಿಸಿದರು. ಹಿಂದಿನ ಸಂಜೆಯಿಂದ ತಾವು ಮುಟ್ಟದಿದ್ದ ತುತ್ತನ್ನು ಅವರ ಜೊತೆ ತಾವೂ ತಿಂದರು. ಸದ್ಯ, ಗೊತ್ತಾಯಿತಲ್ಲ ಎಂದು ನನ್ನ ಜೀವಕ್ಕೆ ಸಮಾಧಾನವಾಯಿತು.

ಕೈ ತೊಳೆದ ಮೇಲೆ ಅತ್ತೆ ಕೇಳಿದರು. "ನಿಮ್ಮವ್ವ ಬದ್ಕವ್ಳೇನಪ್ಪ?"

"ಬದ್ಕವ್ಳೆ ಕಣವ್ವ" ಅಂದರು ಬಾವ.

"ಅಂಗಾದ್ರೆ ಈ ವೇಸ ಸಾಕು. ಅವ್ಳೂ ಟಿ.ವಿ. ನೋಡ್ತಾಳೋ ಏನೋ. ಒತ್ತು ಮುಳುಗೋದ್ರೊಳ್ಗೆ ಓಗಿ ಅವ್ಳ ಕಣ್ಮುಂದೆ ಒಂದ್ಸಲ ನಿಂತ್ಕೊ, ಓಗು."

ಬಾವ ಎದ್ದರು. ಬಾಗಿಲ ಕಡೆ ಹೋಗಲಿಲ್ಲ. ಅತ್ತೆಯ ಕಣ್ಣ ಮುಂದೆ ಹಾಗೇ ನಿಂತುಕೊಂಡರು.