ಡ್ರಾಯಿಂಗಿನಲ್ಲಿ ಇಲ್ಲದ ಹೊಲಿಗೆ ಮಿಷನ್

ನಮ್ಮತ್ತೆ ಜೊತೆ ವಾದ ಮಾಡಿ ಗೆದ್ದವರನ್ನು ನಾನಿನ್ನೂ ನೋಡಿಲ್ಲ. ನಾನೇ ಮದುವೆಯಾಗಿ ಬಂದಾಗಿನಿಂದ ಸೋಲ್ತಾ ಬಂದಿದ್ದೀನಿ. ಇನ್ನು ಆ ಇಂಜಿನಿಯರ್ ಯಾವ ಲೆಕ್ಕ?

ಅತ್ತೆ ಕೂರೋದು ನಮ್ಮ ಚೌಕದ ಮೂಲೇಲಿ, ಔಷಧಿ ಅಂಗಡಿ ಗೋಡೆ ಪಕ್ಕ, ಕಾಲಲ್ಲಿ ತುಳಿಯೋ ಹೊಲಿಗೆ ಮಿಷನ್ ಇಟ್ಕೊಂಡು. ಜಿಪ್ ಬದಲಾಯಿಸೋದು, ಹರಿದ ಸ್ಕೂಲ್ ಬ್ಯಾಗಿಗೆ ಪಟ್ಟಿ ಹಾಕೋದು, ಇಂಥವೇ ಕೆಲಸ. ಮಾವ ತೀರಿಕೊಂಡ ಮೇಲೆ ನನ್ನ ಗಂಡನನ್ನೂ ನಾದಿನಿಯನ್ನೂ ಆ ಮೂಲೆಯಿಂದಲೇ ಸಾಕಿದವರು. ಯಾರಾದ್ರೂ ಪ್ಯಾಂಟ್ ಕೊಟ್ಟು "ಸ್ವಲ್ಪ ಸಡಿಲ ಮಾಡಿ" ಅಂದ್ರೆ, "ನಾನು ಸಡಿಲ ಮಾಡ್ಲಾ, ನೀನು ತಿನ್ನೋದು ಕಮ್ಮಿ ಮಾಡ್ತೀಯಾ" ಅಂತ ಕೇಳ್ತಾರೆ. ಆದ್ರೂ ಜನ ಅವರ ಹತ್ರಾನೇ ಬರ್ತಾರೆ.

ಸರ್ಕಾರದ ದುಡ್ಡಲ್ಲಿ ಚೌಕ ಹೊಸದು ಮಾಡ್ತೀವಿ ಅಂತ ಒಂದು ದಿನ ದೊಡ್ಡ ಬೋರ್ಡ್ ನಿಲ್ಲಿಸಿದ್ರು. ಅದರ ತುಂಬ ಮುಂದೆ ಆಗೋ ಚೌಕದ ಚಿತ್ರ: ನುಣುಪು ಕಲ್ಲು, ಬೆಂಚು, ಬಲೂನ್ ಹಿಡಿದ ಮಗು, ಒಂದು ನಾಯಿ. ಅತ್ತೆ ಕನ್ನಡಕ ಏರಿಸಿ ತಮ್ಮ ಮೂಲೆ ಹುಡುಕಿದ್ರು. ಅಲ್ಲಿ ಹೂವಿನ ಕುಂಡ ಇತ್ತು.

"ನಾಯಿಗೂ ಜಾಗ ಕೊಟ್ಟಿದ್ದಾರೆ," ಅಂದ್ರು.

ಇನ್ಮೇಲೆ ಇಲ್ಲಿ ಹೊಲಿಗೆಗೆಲ್ಲ ಅವಕಾಶ ಇಲ್ಲ ಅಂದ, ಕೆಲಸ ಮಾಡಿಸೋಕೆ ಬಂದ ಇಂಜಿನಿಯರ್. "ಡ್ರಾಯಿಂಗ್ ಪ್ರಕಾರ ನಡೀಬೇಕಮ್ಮ, ನನ್ನ ಕೈಲಿ ಏನೂ ಇಲ್ಲ."

"ನಾನು ಎದ್ದರೆ ತಾನೇ ನಿನ್ನ ಡ್ರಾಯಿಂಗ್ ನಡೆಯೋದು," ಅಂದ್ರು ಅತ್ತೆ.

ಜಪ್ಪಯ್ಯ ಅಂದ್ರೂ ಏಳಲಿಲ್ಲ. ಸುತ್ತ ಅಗೆದ್ರೆ, ಮೂಗಿಗೆ ಬಟ್ಟೆ ಕಟ್ಕೊಂಡು ಹೊಲಿದ್ರು. ಕಲ್ಲು ಹಾಸೋ ಮೇಸ್ತ್ರಿಯ ಹರಿದ ಅಂಗಿಗೂ ತೇಪೆ ಹಾಕಿ ಕೊಟ್ರು, ಬೈಕೊಂಡೇ. ಕೊನೆಗೆ ಇಡೀ ಚೌಕ ಹೊಸ ಕಲ್ಲಲ್ಲಿ ಹೊಳೀತಿದ್ರೆ, ಮಿಷನ್ ಕೆಳಗೆ ಮಾತ್ರ ಚಾಪೆಯಷ್ಟು ಹಳೇ ನೆಲ ಉಳೀತು.

ಇಂಜಿನಿಯರ್ ಸುಸ್ತಾಗಿ ಹೋಗಿದ್ದ. "ಆಯ್ತಮ್ಮ, ಅಷ್ಟು ನೆಲ ಹಾಗೇ ಬಿಡ್ತೀವಿ. ಅಲ್ಲೇ ಕೂತ್ಕೊಳ್ಳಿ."

ನನಗೆ ಹೋದ ಜೀವ ಬಂದಂತಾಯ್ತು. ಅತ್ತೆ ಮಾತ್ರ ಮುಖ ಗಂಟಿಕ್ಕಿದ್ರು.

"ಎಲ್ಲರಿಗೂ ಹೊಸ ಕಲ್ಲು, ನನಗೆ ಹಳೇದಾ? ತೆರಿಗೆ ನಾನೂ ಕಟ್ತೀನಪ್ಪ. ಇಲ್ಲೂ ಹಾಸು. ಅದರ ಮೇಲೇ ಕೂರ್ತೀನಿ."

ಇಂಜಿನಿಯರ್ ಹೂಂ ಅಂದ. ನಾನು ಅವರ ತೋಳು ಜಗ್ಗಿದೆ. "ಸುಮ್ನಿರಿ ಅತ್ತೆ, ಒಂದ್ಸಲ ಎದ್ರೆ ಜಾಗ ಹೋಗುತ್ತೆ."

"ಹೋದ್ರೆ ನೋಡ್ಕೊಳ್ಳೋಣ. ಯಾರೋ ಪಾಪ ಅಂತ ಬಿಟ್ಟ ನೆಲದ ಮೇಲೆ ನಾನು ಕೂರಲ್ಲ."

ಇಬ್ಬರೂ ಮಿಷನ್ ಎತ್ಕೊಂಡು ಮನೆಗೆ ಬಂದ್ವಿ. ಸಿಮೆಂಟ್ ಒಣಗೋವರೆಗೆ ಅಲ್ಲಿ ಹಗ್ಗ ಕಟ್ಟಿದ್ರು. ಅಷ್ಟು ದಿನ ಅತ್ತೆ ನನ್ನ ಜೊತೆ ಒಂದು ಜಗಳಾನೂ ಆಡಲಿಲ್ಲ. ಅದೇ ನನಗೆ ಭಯ.

ಹಗ್ಗ ಬಿಚ್ಚಿದ ದಿನ ಮಿಷನ್ ಹೊತ್ಕೊಂಡು ಹೋದ್ರೆ, ಮೂಲೇಲಿ ಸೊಂಟದೆತ್ತರದ ಕುಂಡ ಕೂತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಇಂಜಿನಿಯರ್ ನಮ್ಮ ಮುಖ ನೋಡಲಾರದೆ ನೆಲ ನೋಡ್ತಿದ್ದ. "ಮೇಲಿನೋರು ಒಪ್ಪಲಿಲ್ಲಮ್ಮ. ಡ್ರಾಯಿಂಗ್ ಪ್ರಕಾರ..."

ಅತ್ತೆ ಕೂಗಾಡಲಿಲ್ಲ. ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ ತಗೊಂಡು ಬೋರ್ಡಿನ ಹತ್ರ ಹೋದ್ರು. ಚಿತ್ರದಲ್ಲಿದ್ದ ಕುಂಡಕ್ಕೆ ಅಡ್ಡಗೆರೆ ಎಳೆದು, ಬೆಂಚಿನ ಪಕ್ಕ ಇನ್ನೊಂದು ಕುಂಡ ಬರೆದ್ರು. ಮೂಲೇಲಿ ಒಂದು ಮಿಷನ್, ಒಂದು ಸ್ಟೂಲು, ಅದರ ಮೇಲೆ ದುಂಡಗೆ ಒಬ್ಬ ಹೆಂಗಸು. ಅವಳಿಗೆ ಕನ್ನಡಕಾನೂ ಹಾಕಿದ್ರು. ಆಮೇಲೆ ಬಂದು ಕುಂಡಕ್ಕೆ ಭುಜ ಕೊಟ್ರು. ನಾನೂ ಕೊಟ್ಟೆ. ಮೇಸ್ತ್ರಿ ಆ ತೇಪೆ ಅಂಗೀಲೇ ಓಡಿ ಬಂದ. ಮೂವರೂ ಸೇರಿ ಅದನ್ನು ಬೆಂಚಿನ ಪಕ್ಕಕ್ಕೆ ತಳ್ಳಿದ್ವಿ.

ಅತ್ತೆ ಹೊಸ ಕಲ್ಲಿನ ಮೇಲೆ ಸ್ಟೂಲ್ ಹಾಕಿ ಕೂತು, ಸೂಜಿಗೆ ದಾರ ಪೋಣಿಸಿದ್ರು.

"ನೋಡ್ಕೊಳ್ಳಪ್ಪ," ಅಂದ್ರು ಇಂಜಿನಿಯರಿಗೆ. "ಈಗ ಎಲ್ಲ ಡ್ರಾಯಿಂಗ್ ಪ್ರಕಾರಾನೇ ಇದೆ."